ಡ್ರಿಪ್‌ನಲ್ಲಿ ಜೈವಿಕ ಗೊಬ್ಬರ: ಬಾಟಲಿಯಿಂದ ಬೇರಿನವರೆಗೆ ಜೀವ ಉಳಿಸುವುದು

ಅರ್ಧ ಲೀಟರ್ ದ್ರವ ಅಝೋಸ್ಪೈರಿಲಂ (ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವ ಬ್ಯಾಕ್ಟೀರಿಯಾ) ಬಾಟಲಿಯಲ್ಲಿ ಎಷ್ಟು ಜೀವಿಗಳಿರುತ್ತವೆ? ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಮಿಲಿಲೀಟರಿಗೆ ಕನಿಷ್ಠ 10 ಕೋಟಿ ಜೀವಂತ ಕೋಶಗಳಿರಬೇಕು. ಅಂದರೆ ಬಾಟಲಿಗೆ 5,000 ಕೋಟಿ. ಎಕರೆಗೆ ಒಂದು ಬಾಟಲಿ, 10,000 ಟೊಮೆಟೊ ಗಿಡ ಎಂದುಕೊಂಡರೆ ಗಿಡಕ್ಕೆ ಸಿಗುವುದು 50 ಲಕ್ಷ. ಬಲು ದೊಡ್ಡ ಲೆಕ್ಕ ಅನಿಸುತ್ತದೆ, ಆದರೆ ಒಳ್ಳೆಯ ಮಣ್ಣಿನ ಒಂದೇ ಒಂದು ಗ್ರಾಂನಲ್ಲಿ ಇದರ ಹತ್ತಾರು ಪಟ್ಟು ಬ್ಯಾಕ್ಟೀರಿಯಾ ಮೊದಲೇ ಮನೆ ಮಾಡಿಕೊಂಡಿರುತ್ತವೆ. ಹೊಲದ ತುಂಬ ಎರಚಿದರೆ ನಮ್ಮ ಜೀವಿಗಳು ಆ ಗುಂಪಿನಲ್ಲಿ ಕಳೆದೇಹೋಗುತ್ತವೆ. ಬೇರಿನ ಪಕ್ಕಕ್ಕೇ, ಹಸಿ ಮಣ್ಣಿಗೇ ಹೋಗಿ ಬೀಳಬೇಕು. ಹನಿ ನೀರಾವರಿ ಇದ್ದವರಿಗೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಲಿಗ್ನೈಟ್ (ಕಂದು ಕಲ್ಲಿದ್ದಲು) ಪುಡಿಯಲ್ಲಿ ಜೀವಿಗಳನ್ನು ಬೆರೆಸಿದ ಪೊಟ್ಟಣ ಈ ಕೆಲಸಕ್ಕೆ ಬೇಡ. ಎಷ್ಟು ಸೋಸಿದರೂ ಕಪ್ಪು ಗಸಿ ಉಳಿದು ಫಿಲ್ಟರ್ ಕಟ್ಟುತ್ತದೆ. ದ್ರವವೇ ಆಗಬೇಕು. ತಯಾರಿಸಿದ ತಾರೀಖು, ಅವಧಿ ನೋಡಿಯೇ ತೆಗೆದುಕೊಳ್ಳಿ. ಉಬ್ಬಿದ ಬಾಟಲಿ, ಕೊಳೆತ ವಾಸನೆ ಇದ್ದರೆ ವಾಪಸ್ ಕೊಡಿ.

ಮಧ್ಯಾಹ್ನ ಎರಡು ಗಂಟೆಗೆ ಲ್ಯಾಟರಲ್‌ನ (ಗಿಡದ ಸಾಲಿನುದ್ದಕ್ಕೂ ಹಾಯುವ ಸಣ್ಣ ಪೈಪಿನ) ಎಂಡ್ ಕ್ಯಾಪ್ ಬಿಚ್ಚಿ, ಮೊದಲು ನುಗ್ಗುವ ನೀರಿಗೆ ಕೈ ಒಡ್ಡಿ ನೋಡಿ. ಬೇಸಿಗೆಯಲ್ಲಿ ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಸುಡುತ್ತದೆ. ಕಪ್ಪು ಪೈಪಿನಲ್ಲಿ ನಿಂತ ಆ ನೀರಿಗೆ ಅಝೋಸ್ಪೈರಿಲಂ, ಸೂಡೊಮೊನಾಸ್‌ನಂಥ, ಬೀಜಕ (ಬಿಸಿ ತಡೆಯುವ ಗಟ್ಟಿ ಕವಚದ ರೂಪ) ಕಟ್ಟದ ಬ್ಯಾಕ್ಟೀರಿಯಾಗಳನ್ನು ಬಿಟ್ಟರೆ ಬೇರು ಮುಟ್ಟುವ ಮೊದಲೇ ಬಹುಪಾಲು ಸಾಯುತ್ತವೆ. ಆದ್ದರಿಂದ ಸಂಜೆ ಐದರ ಮೇಲೆ ಶುರು ಮಾಡಿ. ಮೊದಲು ಬರೀ ನೀರು ಬಿಟ್ಟು ಪೈಪು ತಣ್ಣಗಾಗಲಿ, ಡ್ರಿಪ್ಪರ್ ಕೆಳಗಿನ ಮಣ್ಣು ನೆನೆಯಲಿ. ಒಣ ಮಣ್ಣಿಗೆ ಬಿದ್ದ ಕೋಶ ಮೇಲಿನ ಪದರದಲ್ಲೇ ಅಂಟಿಕೊಂಡು ಒಣಗುತ್ತದೆ. ನೀರು ಬಿಡುವ ಒಟ್ಟು ಸಮಯದ ನಡುಭಾಗದಲ್ಲಿ ವೆಂಚುರಿ (ಡ್ರಮ್ಮಿನ ದ್ರವವನ್ನು ಪೈಪಿಗೆ ಎಳೆದುಕೊಳ್ಳುವ ಸಾಧನ) ತೆರೆಯಿರಿ. ಎಕರೆಗೆ ಬೇಕಾದ ದ್ರವವನ್ನು (ಲೇಬಲ್ಲಿನಲ್ಲಿ ಸಾಮಾನ್ಯವಾಗಿ ಅರ್ಧದಿಂದ ಒಂದು ಲೀಟರ್ ಇರುತ್ತದೆ) ಮೊದಲು ಬಕೆಟ್ ನೀರಿನಲ್ಲಿ ಕದಡಿ, ಆಮೇಲೆ 200 ಲೀಟರ್ ಡ್ರಮ್ಮಿಗೆ ಸುರಿಯಿರಿ. ಕೊನೆಗೆ 10–15 ನಿಮಿಷ ಬರೀ ನೀರು ಹರಿಸಲೇಬೇಕು. ಇಲ್ಲದಿದ್ದರೆ ಡ್ರಿಪ್ಪರ್ ಒಳಗೆ ಲೋಳೆ ಕಟ್ಟಿ, ಸಾಲಿನ ಕೊನೆಯ ಗಿಡಗಳಿಗೆ ನೀರೇ ಹೋಗುವುದಿಲ್ಲ. ಬೆಲ್ಲ ಬೆರೆಸಿ ಡ್ರಿಪ್‌ಗೆ ಬಿಡುವ ಅಭ್ಯಾಸದಿಂದ ಈ ಲೋಳೆ ಇನ್ನೂ ಬೇಗ ಬೆಳೆಯುತ್ತದೆ. ಬೆಲ್ಲ ಬೇಕೆಂದರೆ ಬುಡಕ್ಕೆ ಕೈಯಲ್ಲಿ ಹಾಕಿ.

ಕದಡಿದ ನೀರನ್ನು ನಾಳೆಗೆ ಇಡಬೇಡಿ. ಬಾಟಲಿಯಲ್ಲಿ ಕೋಶಗಳನ್ನು ಕಾಯುತ್ತಿದ್ದ ಗ್ಲಿಸರಾಲ್‌ನಂಥ ವಸ್ತುಗಳು ಡ್ರಮ್ಮಿನಲ್ಲಿ ತೆಳುವಾಗಿಬಿಟ್ಟಿರುತ್ತವೆ.

ಹೆಚ್ಚು ಕಡೆ ಎಡವುವುದು ಡ್ರಮ್ಮಿನಲ್ಲೇ. ನಿನ್ನೆ ಫಾಸ್ಫಾರಿಕ್ ಆಮ್ಲವೋ ನೀರಲ್ಲಿ ಕರಗುವ ಗೊಬ್ಬರವೋ ಕಲಸಿದ ಡ್ರಮ್ಮಿನ ತಳದ ಉಳಿಕೆ ಸಾಕು, ಇವತ್ತಿನ ಜೀವಿಗಳು ಸಾಯುವುದಕ್ಕೆ. ಜೈವಿಕಕ್ಕೆ ಬೇರೆ ಡ್ರಮ್ ಇಟ್ಟುಕೊಳ್ಳುವುದು ಸಣ್ಣ ಖರ್ಚು, ಖಂಡಿತ ಮಾಡಿ. ಗೊಬ್ಬರಕ್ಕೂ ಇದಕ್ಕೂ ಮೂರು-ನಾಲ್ಕು ದಿನ ಅಂತರವಿರಲಿ. ಪೈಪಿಗೆ ಆಮ್ಲ ಅಥವಾ ಕ್ಲೋರಿನ್ ಹಾಯಿಸಿ ಶುಚಿ ಮಾಡುವುದಿದ್ದರೆ ಮೊದಲೇ ಮುಗಿಸಿ, ಚೆನ್ನಾಗಿ ತೊಳೆದು, ಎರಡು ದಿನ ಬಿಡಿ. ನಲ್ಲಿ ನೀರಾದರೆ ಬಾಯಿ ತೆರೆದ ಡ್ರಮ್ಮಿನಲ್ಲಿ ಒಂದು ದಿನ ಇಟ್ಟು ಕ್ಲೋರಿನ್ ಹಾರಿಹೋಗಲು ಬಿಡಬೇಕು. ಅಡಿಕೆ ತೋಟದಲ್ಲಿ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಮೇಲೆ ಹದಿನೈದು ದಿನವಾದರೂ ಕಾಯಿರಿ. ಗೊನೆಯಿಂದ ತೊಟ್ಟಿಕ್ಕಿದ ತಾಮ್ರ ನೇರ ಬುಡಕ್ಕೇ ಇಳಿದಿರುತ್ತದೆ.

ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿದ, ಒಳಗೆ ಈ ಜೀವಿಗಳನ್ನು ತುಂಬಿದ ಕ್ಯಾಪ್ಸೂಲ್ ಇನ್ನೊಂದು ದಾರಿ. ಇದೇ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಮಡಿಕೇರಿ ಬಳಿಯ ಅಪ್ಪಂಗಳದಲ್ಲಿದೆ. ಮಾತ್ರೆಯಷ್ಟು ಗಾತ್ರ, ಹೊರುವ ಭಾರವಿಲ್ಲ. ಗುಡ್ಡದ ಮೇಲಿನ ಕಾಳುಮೆಣಸಿನ ತೋಟಕ್ಕೆ ಮೂಟೆ ಹೊತ್ತವರಿಗೆ ಇದರ ಬೆಲೆ ಗೊತ್ತು. ಆದರೆ ಕ್ಯಾಪ್ಸೂಲಿನ ಸಿಪ್ಪೆ ಜೆಲಾಟಿನ್ ಆಗಿದ್ದರೆ ತಣ್ಣೀರಿನಲ್ಲಿ ಕರಗುವುದಿಲ್ಲ, ಊದಿ ಅಂಟು ಮುದ್ದೆಯಾಗುತ್ತದೆ. ನೇರವಾಗಿ ಡ್ರಮ್ಮಿಗೆ ಎಸೆದರೆ ಆ ಮುದ್ದೆ ಫಿಲ್ಟರಿನಲ್ಲಿ ಸಿಗುತ್ತದೆ, ಗಿಡಕ್ಕೆ ಬರೀ ನೀರು ಹೋಗಿರುತ್ತದೆ. ಮೊದಲು ಒಂದು ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಪೂರ್ತಿ ಕರಗಿಸಿ. ನೀರು ಕೈಗೆ ಹಿತವಾಗಿರಬೇಕು, ಕುದಿಸಿದ್ದು ಬೇಡವೇ ಬೇಡ.

ಮೈಕೊರೈಜಾವನ್ನು (ಬೇರಿನೊಂದಿಗೆ ಕೂಡಿ ಬದುಕುವ ಶಿಲೀಂಧ್ರ) ಮಾತ್ರ ಡ್ರಿಪ್‌ಗೆ ಹಾಕಬೇಡಿ. ಬ್ಯಾಕ್ಟೀರಿಯಾದ ಗಾತ್ರ ಒಂದೆರಡು ಮೈಕ್ರಾನ್, ಯಾವ ಫಿಲ್ಟರನ್ನಾದರೂ ದಾಟುತ್ತದೆ. ಮೈಕೊರೈಜಾದ ಬೀಜಕಗಳು 50ರಿಂದ 200 ಮೈಕ್ರಾನ್‌ವರೆಗೂ ಇರುತ್ತವೆ, ನಮ್ಮ ಸ್ಕ್ರೀನ್ ಫಿಲ್ಟರಿನ ಕಣ್ಣು ಸುಮಾರು 130. ದುಡ್ಡು ಕೊಟ್ಟು ತಂದ ಬೀಜಕ ಜಾಲರಿಯಲ್ಲೇ ಉಳಿಯುತ್ತದೆ. ಅದನ್ನು ನರ್ಸರಿಯಲ್ಲೇ ಪ್ರೋಟ್ರೇ (ಸಸಿ ಬೆಳೆಸುವ ಗುಳಿಗಳ ತಟ್ಟೆ) ತುಂಬುವ ಮೊದಲು ಕೋಕೋಪೀಟ್‌ಗೆ (ತೆಂಗಿನ ನಾರಿನ ಪುಡಿ) ಬೆರೆಸಿ. ಮೊಳಕೆಯ ಮೊದಲ ಬೇರು ಅದರ ನಡುವೆಯೇ ಇಳಿಯುತ್ತದೆ.