521ರಲ್ಲಿ ಎದ್ದ ಗೆರೆ

ಲಡಾಖಿನ ತ್ಸೋ ಮೊರಿರಿ ಸರೋವರದ ಬಳಿಯ ಎಕ್ಲೊಜೈಟ್, ಭೂಮಿಯ ಆಳದ ಒತ್ತಡದಲ್ಲಿ ರೂಪುಗೊಂಡ ಶಿಲೆ. ಅದರ ಥಿನ್ ಸೆಕ್ಷನ್ (ಬೆಳಕು ಹಾಯುವಷ್ಟು ತೆಳುವಾಗಿ ತೇಯ್ದ ಪದರ) ರಾಮನ್ ಯಂತ್ರದ ಸ್ಟೇಜಿನ ಮೇಲಿತ್ತು; ಲೇಸರ್ ಬೆಳಕು ಚದುರುವ ರೀತಿಯಿಂದ ಖನಿಜವನ್ನು ಗುರುತಿಸುವ ಯಂತ್ರ ಅದು. ಗಾರ್ನೆಟ್ ಎಂಬ ಖನಿಜದ ಒಳಗಿನ ಕಾಳಿನ ಮೇಲೆ ಲೇಸರ್ ಬಿಟ್ಟ ಕೂಡಲೇ 521ರಲ್ಲಿ (ಗೆರೆಗಳ ಅಂಕೆಗಳೆಲ್ಲ cm⁻¹ ಲೆಕ್ಕದಲ್ಲಿ) ಚೂಪಾದ ಗೆರೆ ಎದ್ದಿತು. ಕೋಯಸೈಟ್ ಎಂದು ಬರೆದುಕೊಂಡೆ. ಕೋಯಸೈಟ್ ಕ್ವಾರ್ಟ್ಜ್‌ನ ಅಧಿಕ ಒತ್ತಡದ ರೂಪ. ಅದು ಸಿಕ್ಕರೆ ಸುಮಾರು 27 ಕಿಲೋಬಾರ್ ಒತ್ತಡ, 90 ಕಿ.ಮೀ. ಆಳ, ಭಾರತದ ಭೂಖಂಡದ ಅಂಚು ಏಷ್ಯಾದ ಅಡಿಗೆ ಅಷ್ಟು ಆಳಕ್ಕೆ ಇಳಿದು ಬಂದದ್ದಕ್ಕೆ ಸಾಕ್ಷಿ. ಗೈಡ್‌ಗೆ ಫೋನ್ ಹೋಯಿತು. ಅವರು ಕೇಳಿದ್ದು ಒಂದೇ ಮಾತು: "271 ಇದೆಯಾ?"

ನೋಡಿರಲೇ ಇಲ್ಲ. ಯಂತ್ರದ ಸ್ಲಾಟ್ ಗಂಟೆ ಲೆಕ್ಕದಲ್ಲಿ ಸಿಗುತ್ತದೆಂದು ವಿಂಡೋವನ್ನು (ಓದುವ ವ್ಯಾಪ್ತಿಯನ್ನು) 450ರಿಂದ 600ಕ್ಕೆ ಮಾತ್ರ ಇಟ್ಟಿದ್ದೆ. ಕ್ವಾರ್ಟ್ಜ್‌ನ 464, ಕೋಯಸೈಟಿನ 521 ಎರಡೂ ಅದರಲ್ಲಿ ಬರುತ್ತವೆ, ಸಾಕು ಅನ್ನಿಸಿತ್ತು. ವಿಂಡೋ ಅಗಲ ಮಾಡಿದೆ. ಕೋಯಸೈಟ್ ಆಗಿದ್ದರೆ ಜೊತೆಗೆ ಇರಬೇಕಾದ ಗೆರೆಗಳಲ್ಲಿ 178 ಇಲ್ಲ, 271 ಇಲ್ಲ, 427 ಇಲ್ಲ. ಬದಲಿಗೆ 950ರ ಆಸುಪಾಸಿನಲ್ಲಿ ಅಗಲವಾದ ಉಬ್ಬು. ಲೇಸರನ್ನು ಪಕ್ಕದ ರೆಸಿನ್ (ಸೆಕ್ಷನ್ ಅಂಟಿಸುವ ಅಂಟು) ಮೇಲೆ ಸರಿಸಿದೆ. ಅಲ್ಲೂ 521!

ಅದು ಸಿಲಿಕಾನ್, 950ರ ಉಬ್ಬೂ ಅದರದ್ದೇ. ಯಂತ್ರದ ಅಳತೆ ಸರಿಯಿದೆಯೇ ಎಂದು ನೋಡಲು ಬಳಸುವ ಸಿಲಿಕಾನ್ ಬಿಲ್ಲೆಯ, ಅಂದರೆ ಕ್ಯಾಲಿಬ್ರೇಷನ್ ವೇಫರಿನ, ಗೆರೆ 520.7ಕ್ಕೆ ಬೀಳುತ್ತದೆ. ಮೂಲೆ ಮುರಿದ ಆ ವೇಫರಿನ ಪುಡಿ ಸೆಕ್ಷನ್ ಮೇಲೆ ಕೂತಿತ್ತು.

ಆಮೇಲೆ ರೂಢಿಯಾದದ್ದು ಇಷ್ಟು. ವೇಫರ್ ತೆಗೆದ ಮೇಲೆ ಸೆಕ್ಷನ್ನನ್ನು ಐಸೊಪ್ರೊಪನಾಲ್‌ನಲ್ಲಿ ಒರೆಸಬೇಕು. ವಿಂಡೋ 100ರಿಂದ 1100. ಪ್ರತಿ ಕಾಳಿಗೂ ಪಕ್ಕದ ಗಾರ್ನೆಟ್ ಮೇಲೊಂದು, ರೆಸಿನ್ ಮೇಲೊಂದು ಓದು. ಮುಖ್ಯವಾಗಿ, ಬಿರುಕಿಲ್ಲದ ಗಾರ್ನೆಟ್ ಒಳಗೆ ಗಟ್ಟಿಯಾಗಿ ಮುಚ್ಚಿಕೊಂಡ ಕೋಯಸೈಟ್ ಇನ್ನೂ ಒತ್ತಡದಲ್ಲೇ ಇರುವುದರಿಂದ ಅದರ ಗೆರೆ 521ಕ್ಕಿಂತ ಸ್ವಲ್ಪ ಮೇಲಕ್ಕೆ ಸರಿದಿರುತ್ತದೆ. ಅಂಥ ಕಾಳಿನಲ್ಲಿ ಗೆರೆ ನಿಖರವಾಗಿ 521ರಲ್ಲೇ ಬಿದ್ದರೆ ಅನುಮಾನ ಪಡಬೇಕಾದ್ದೇ.

ಎಲ್ಲಿ ಹುಡುಕಬೇಕು ಅನ್ನುವುದು ಇದಕ್ಕಿಂತ ದೊಡ್ಡ ವಿಷಯ. ನೈಸ್ (ಪಟ್ಟೆಪಟ್ಟೆಯ ರೂಪಾಂತರ ಶಿಲೆ) ಒಳಗೆ ಎಕ್ಲೊಜೈಟ್ ಗಡ್ಡೆಗಳಾಗಿ ಕೂತಿರುತ್ತದೆ. ಗಡ್ಡೆಯ ಅಂಚು ಸುತ್ತಿಗೆಗೆ ಸುಲಭವಾಗಿ ಬಗ್ಗುತ್ತದೆ, ಆದರೆ ಶಿಲೆ ಆಳದಿಂದ ಮೇಲೇರುವಾಗ ನೀರು ಹೊಕ್ಕು ಅಲ್ಲಿನ ಓಂಫಸೈಟ್ (ಎಕ್ಲೊಜೈಟಿನ ಹಸಿರು ಖನಿಜ) ಆಂಫಿಬೋಲ್ ಎಂಬ ಬೇರೆ ಖನಿಜ ಆಗಿ ಹೋಗಿರುತ್ತದೆ. ನಡುಭಾಗದ ತುಂಡು ಕೈಗೆ ಸಿಕ್ಕರೆ ತೂಕದಲ್ಲೇ ಗೊತ್ತಾಗುತ್ತದೆ. ಹಸಿರಿನಲ್ಲಿ ಕೆಂಪು ಗಾರ್ನೆಟ್ ಎದ್ದು ಕಾಣುತ್ತದೆ. ಅದಕ್ಕಾಗಿ ಅರ್ಧ ದಿನ ಹೊಡೆದರೂ ನಷ್ಟವಿಲ್ಲ.

ಸೆಕ್ಷನ್ನಿನಲ್ಲಿ ಕಾಳಿನ ಸುತ್ತ ಗಾರ್ನೆಟ್ ನಕ್ಷತ್ರದ ಹಾಗೆ ಬಿರುಕು ಬಿಟ್ಟಿದ್ದರೆ ಅಲ್ಲಿ ನಿಂತು ನೋಡಿ. ಕೋಯಸೈಟ್ ಕ್ವಾರ್ಟ್ಜ್ ಆಗುವಾಗ ಗಾತ್ರ ಸುಮಾರು 10 ಪ್ರತಿಶತ ಹಿಗ್ಗುತ್ತದೆ, ಸೀಳುವುದು ಆ ಹಿಗ್ಗುವಿಕೆಯೇ. ಸೀಳು ಗಾರ್ನೆಟ್ ಅಂಚಿನವರೆಗೆ ಹೋದರೆ ನೀರು ಒಳಗಿಳಿದು ಉಳಿದದ್ದನ್ನೂ ಕ್ವಾರ್ಟ್ಜ್ ಮಾಡಿರುತ್ತದೆ. ಬೇಲಿಗೂಟದಂತೆ ನಿಂತ ಕ್ವಾರ್ಟ್ಜ್ ನಡುವೆ ರಿಲೀಫ್ ಹೆಚ್ಚಿರುವ (ಸೂಕ್ಷ್ಮದರ್ಶಕದಲ್ಲಿ ಸುತ್ತಲಿನದಕ್ಕಿಂತ ಎದ್ದು ಕಾಣುವ) ಚುಕ್ಕೆ ಕಂಡರೆ ಮಾತ್ರ ಪೂರ್ತಿ ಸ್ಲಾಟ್ ಕೊಡಿ.

ಹೊಸ ವೇಫರಿಗೆ ಕೊಟ್ಟ ಇಂಡೆಂಟ್ (ಖರೀದಿ ಬೇಡಿಕೆ ಪತ್ರ) ಮೂರನೇ ಸಲ ವಾಪಸ್ ಬಂದಿದೆ. ಮುರಿದದ್ದನ್ನೇ ಮುಚ್ಚಳದ ಡಬ್ಬಿಯಲ್ಲಿಟ್ಟು ಬಳಸುತ್ತಿದ್ದೇವೆ.