ಸ್ಪ್ಯಾನಿಷ್‌ನಲ್ಲಿ ಆನರ್ಸ್ ಪ್ರಬಂಧ: ಭಾಷೆ ಕೈಕೊಡುವ ಜಾಗಗಳು

ಅಮೆರಿಕದ ಕಾಲೇಜುಗಳಲ್ಲಿ ಪದವಿ ವಿದ್ಯಾರ್ಥಿಗಳು ಬರೆಯುವ ಈ ದೀರ್ಘ ಸಂಶೋಧನಾ ಪ್ರಬಂಧಕ್ಕೆ ಸಾಮಾನ್ಯವಾಗಿ ಕೊನೆಯ ವರ್ಷದ 2 ಸೆಮಿಸ್ಟರ್ ಸಿಗುತ್ತವೆ. ವಿಷಯ ಚಿಕ್ಕದಿರಲಿ, ಒಂದೇ ಕಾದಂಬರಿ, ಒಂದೇ ಪ್ರಶ್ನೆ ಸಾಕು.

ಮೊದಲ ಕರಡನ್ನೇ ಸ್ಪ್ಯಾನಿಷ್‌ನಲ್ಲಿ ಬರೆಯಿರಿ. ಇಂಗ್ಲಿಷಿನಿಂದ ಅನುವಾದಿಸಿದರೆ ವಾಕ್ಯದ ಜಾಡು ಇಂಗ್ಲಿಷಿನದೇ ಉಳಿಯುತ್ತದೆ. 'ಆಕ್ಚುಯಲಿ' ಎನ್ನಲು ಹೋಗಿ 'ಆಕ್ತುವಾಲ್‌ಮೆಂತೆ' ಎಂದು ಬರೆದರೆ ಅರ್ಥ 'ಸದ್ಯಕ್ಕೆ' ಎಂದಾಗುತ್ತದೆ!

ಸ್ಪೆಲ್‌ಚೆಕ್ ಒಂದನ್ನೇ ನಂಬಬೇಡಿ. 'ಎಸ್ತಾ' ಪದದ ಕೊನೆಯ ಸ್ವರಕ್ಕೆ ಒತ್ತುಗುರುತು ಇದ್ದರೆ 'ಇದ್ದಾನೆ', ಇಲ್ಲದಿದ್ದರೆ 'ಈ'. ಎರಡೂ ಸರಿಯಾದ ಪದಗಳಾದ್ದರಿಂದ ತಪ್ಪು ಜಾರಿಹೋಗುತ್ತದೆ. ಇಂಥ ಜೋಡಿಗಳನ್ನು ಒಂದೊಂದಾಗಿ ಹುಡುಕಿ ನೋಡಿ. ಸ್ಪ್ಯಾನಿಷ್‌ನಲ್ಲಿ ಕೃತಿಯ ಹೆಸರಿನ ಮೊದಲ ಪದಕ್ಕೂ ಅಂಕಿತನಾಮಕ್ಕೂ ಮಾತ್ರ ದೊಡ್ಡಕ್ಷರ (ಕ್ಯಾಪಿಟಲ್).

ಮಾರ್ಗದರ್ಶಕರಿಗೆ ಒಂದೊಂದೇ ಅಧ್ಯಾಯ ಕೊಡಿ. ವಾದದ ಬಿರುಕು 50ನೇ ಪುಟದಲ್ಲಿ ಕಂಡರೆ ತಿದ್ದಲು ಸಮಯವಿರುವುದಿಲ್ಲ.