ಎರಡು ಕ್ಯಾಲೆಂಡರಿನ ಬಾಯಮ್ಮ

ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರ ನಮ್ಮ ಪಕ್ಕದ ಮನೆಯಲ್ಲಿದ್ದ ಬಾಯಮ್ಮನ ಗೋಡೆಯಲ್ಲಿ ಎರಡು ಕ್ಯಾಲೆಂಡರ್ ತೂಗುತ್ತಿದ್ದವು. ಒಂದು ಇಗರ್ಜಿಯದ್ದು, ಯಾವ ದಿನ ಯಾವ ಸಂತರ ಹಬ್ಬ ಅಂತ ಬರೆದಿರುತ್ತಿತ್ತು. ಇನ್ನೊಂದು ನಮ್ಮ ಮನೆಯಲ್ಲಿರುವಂಥದ್ದೇ, ತಿಥಿ, ನಕ್ಷತ್ರ, ಮದುವೆ ಮುಹೂರ್ತ ಇರುವ ಕ್ಯಾಲೆಂಡರ್. ನಮ್ಮ ಅಮ್ಮನಿಗೆ ಏಕಾದಶಿ ಮರೆತು ಹೋದರೆ ಬೇಲಿಯಾಚೆಯಿಂದ ನೆನಪಿಸುತ್ತಿದ್ದದ್ದು ಬಾಯಮ್ಮನೇ.

ಕಾರಣ ಮಲ್ಲಿಗೆ. ನಮ್ಮೂರಿನ ಮಲ್ಲಿಗೆಯ ರೇಟು ದಿನಾ ಬದಲಾಗುತ್ತದೆ. ಮುಹೂರ್ತ, ದೈವದ ನೇಮ, ಜಾತ್ರೆ ಇದ್ದ ದಿನ ಏರುತ್ತದೆ. ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಮದುವೆ ಇಲ್ಲ, ಹೂವು ಕೇಳುವವರೂ ಕಡಿಮೆ. ಬೇಸಿಗೆಯಲ್ಲಿ ಗಿಡ ತುಂಬ ಮೊಗ್ಗು ಆದರೆ ರೇಟಿಲ್ಲ, ಚಳಿಗೆ ರೇಟಿದ್ದರೆ ಮೊಗ್ಗಿಲ್ಲ. ಇದನ್ನೆಲ್ಲ ಅಳೆದು ತೂಗಿ ಗಿಡಕ್ಕೆ ಯಾವಾಗ ನೆಲಗಡಲೆ ಹಿಂಡಿ ನೆನೆಸಿದ ನೀರು ಹಾಕಬೇಕು ಅಂತ ಅವರು ಲೆಕ್ಕ ಹಾಕುತ್ತಿದ್ದರು. ದಿನಾ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ ಹೇಳುವ, ಕುತ್ತಿಗೆಯಲ್ಲಿ ಶಿಲುಬೆ ಇರುವ ಹೆಂಗಸು ಕನ್ನಡಕ ಹಾಕಿಕೊಂಡು ವೈಶಾಖದ ಲಗ್ನಗಳನ್ನು ಬೆರಳಲ್ಲಿ ಎಣಿಸುವುದು ನಮಗೆ ತಮಾಷೆ ಅನ್ನಿಸಿದ್ದೇ ಇಲ್ಲ. ಅವರ ಹೂವು ಕಟೀಲು ದೇವಸ್ಥಾನಕ್ಕೂ ಹೋಗುತ್ತಿತ್ತು, ಬಪ್ಪನಾಡು ದೇವಸ್ಥಾನಕ್ಕೂ ಹೋಗುತ್ತಿತ್ತು, ಮುಂಬೈಗೂ ಹೋಗುತ್ತಿತ್ತು. ಎಲ್ಲಿಗೆ ಹೋಯಿತು ಅನ್ನುವುದಕ್ಕಿಂತ ಎಷ್ಟಕ್ಕೆ ಹೋಯಿತು ಅನ್ನುವುದು ಅವರಿಗೆ ಮುಖ್ಯ.

ಕಳೆದ ಚಳಿಗಾಲ ಅವರು ತೀರಿಕೊಂಡಾಗ ಬಂದವರೆಲ್ಲ "ಸಂತರ ಹಾಗೆ ಬಾಳಿದರು" ಎಂದರು. ದೈವಭಕ್ತೆ ಹೌದು. ಸಂತರ ಹಾಗೆ ಅಂದರೆ ನಾನು ಒಪ್ಪುವುದಿಲ್ಲ. ಆ ಬಾಯಿಯನ್ನು ಕೇಳಿದವರು ಯಾರೂ ಒಪ್ಪಲಿಕ್ಕಿಲ್ಲ! ನಮ್ಮ ಕೋಳಿ ಅವರ ತರಕಾರಿ ಪಾತಿಗೆ ಹೋದರೆ ಮೂರು ಮನೆಗೆ ಕೇಳುವ ಹಾಗೆ ಬೈಯುತ್ತಿದ್ದರು. ಕೆಲಸದವರಿಗೆ ಗಂಜಿ ಧಾರಾಳ, ಆದರೆ ತೆಂಗಿನಕಾಯಿಯ ವಿಷಯದಲ್ಲಿ ಪಕ್ಕಾ ಜಿಪುಣಿ.

ಲೆಕ್ಕದಲ್ಲಿ ಮಾತ್ರ ಅವರನ್ನು ಮೀರಿಸುವವರು ಇರಲಿಲ್ಲ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಎಲ್ಲರೂ ಕೈ ಅಂದಾಜಿನಲ್ಲಿ ಕಟ್ಟುವಾಗ ಹತ್ತಿಪ್ಪತ್ತು ಆಚೀಚೆ ಆಗುತ್ತದೆ, ಅಲ್ವಾ? ಬಾಯಮ್ಮನದ್ದು ಆಗುತ್ತಿರಲಿಲ್ಲ. ರಜೆಯಲ್ಲಿ ನಾನು ಅವರ ಜಗಲಿಯಲ್ಲಿ ಬಾಳೆನಾರು ಹಿಡಿದು ಹೂವು ಕಟ್ಟಲು ಕೂರುತ್ತಿದ್ದೆ. ಸಂಶಯ ಬಂದರೆ ಸಾಕು, "ಮಗಾ, ಇನ್ನೊಮ್ಮೆ ಎಣಿಸು" ಎನ್ನುತ್ತಿದ್ದರು. ಕಡಿಮೆ ಇದ್ದರೆ ಪಾದ್ರಿಗಳ ಹತ್ತಿರ ಪಾಪನಿವೇದನೆ ಮಾಡಬೇಕಾಗುತ್ತದಂತೆ. ಹಾಗಾದರೆ ನಾಲ್ಕು ಜಾಸ್ತಿ ಹಾಕುವ ಅಂದರೆ, "ಯಾಕೆ, ಏಜೆಂಟ್ ನನ್ನ ತಮ್ಮನಾ?"

ಗಂಡ, ಊರವರ ಬಾಯಲ್ಲಿ ಪೊರ್ಬುಗಳು, ಹೆಚ್ಚು ಕಾಲ ಮುಂಬೈಯಲ್ಲೇ ಇದ್ದರು, ಹೋಟೆಲ್ ಕೆಲಸ. ಗದ್ದೆ, ಹಟ್ಟಿ, ಮಲ್ಲಿಗೆ ಎಲ್ಲ ಇವರದ್ದೇ. ಗದ್ದೆ ಮೊದಲು ಗೇಣಿಯದ್ದು. 1974ರ ಭೂಸುಧಾರಣೆ ಬಂದಾಗ, ಗದ್ದೆ ತಮ್ಮ ಹೆಸರಿಗೆ ಆಗಲು ಗೇಣಿದಾರರು ಡಿಕ್ಲರೇಶನ್ ಕೊಡಬೇಕಿತ್ತು. ಧಣಿಗಳಿಗೆ ಬೇಸರ ಆಗಬಹುದು ಅಂತ ಹೆದರಿ ಸುಮ್ಮನಿದ್ದವರೂ ಇದ್ದರು. ಇವರು ಗಂಡನ ಸಹಿ ಹಾಕಿಸಿಕೊಳ್ಳಲು ಫಾರ್ಮ್ ನಂಬರ್ 7 ಅನ್ನು ಅಂಚೆಯಲ್ಲಿ ಮುಂಬೈಗೆ ಕಳಿಸಿದರಂತೆ. ಅದು ತಿರುಗಿ ಬರುವ ತನಕ ದಿನಾ ಸಂತ ಅಂತೋನಿಯವರ ಎದುರು ಮೇಣದಬತ್ತಿ. ಗದ್ದೆ ಸಿಕ್ಕಿತು. ಬತ್ತಿಗೆ ಖರ್ಚಾದದ್ದೆಷ್ಟು ಅನ್ನುವುದೂ ಅವರಿಗೆ ನೆನಪಿತ್ತು.

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮೇರಿ ಮಾತೆ ಮೊರಿಯಮ್ಮನ ಹುಟ್ಟುಹಬ್ಬಕ್ಕೆ, ಇಗರ್ಜಿಯಿಂದ ಆಶೀರ್ವಾದ ಆದ ತೆನೆ ತರುತ್ತಿದ್ದರು. ನಾಲ್ಕು ಭತ್ತ ಸುಲಿದು ತೆಂಗಿನ ಹಾಲಿಗೆ ಹಾಕಿ ಎಲ್ಲರಿಗೂ ಒಂದೊಂದು ಗುಟುಕು. ನಾವು ಗದ್ದೆಯನ್ನು ಬೇಸಾಯ ಮಾಡದೆ ಹಡೀಲು ಬಿಟ್ಟ ಮೇಲೆ ನಮ್ಮ ಮನೆಯಲ್ಲಿ ಕಟ್ಟುತ್ತಿದ್ದ ತೆನೆಯೂ ಅವರ ಗದ್ದೆಯದ್ದೇ. ಹಡೀಲು ಬಿಟ್ಟದ್ದಕ್ಕೆ ನಮ್ಮ ಅಪ್ಪನಿಗೆ ಸಿಕ್ಕಿದ ಬೈಗುಳ ಬೇರೆ.

ಸಂಜೆ ಏಳಕ್ಕೆ ಇಗರ್ಜಿಯಲ್ಲಿ ಆಮೊರಿಯ, ಅಂದರೆ ಸಂಜೆ ಪ್ರಾರ್ಥನೆಯ ಗಂಟೆ. ಅದು ಕೇಳಿಸಿದರೆ ಕೈಯಲ್ಲಿದ್ದದ್ದನ್ನು ಇಟ್ಟು ನಿಲ್ಲಬೇಕು. ಆಮೇಲೆ ತೇರ್ಸ್. ತೇರ್ಸ್ ಹೇಳುತ್ತಾ ನಾರಾದರೂ ಸೀಳಬಹುದಲ್ಲ ಅಂತ ನಾನು ಒಮ್ಮೆ ಕೇಳಿದ್ದೆ. "ಎರಡೂ ಲೆಕ್ಕ ತಪ್ಪುತ್ತದೆ" ಎಂದರು. ತೇರ್ಸ್ ಮುಗಿದ ಮೇಲೆ ಮಕ್ಕಳು ಕೈ ಮುಗಿದು ಬೆಸಾಂವ್, ಅಂದರೆ ಆಶೀರ್ವಾದ ಕೇಳುತ್ತಿದ್ದರು. ಸಾಲಿನ ಕೊನೆಯಲ್ಲಿ ನಾನೂ ನಿಲ್ಲುತ್ತಿದ್ದೆ, ನನಗೂ ಸಿಗುತ್ತಿತ್ತು.

ಆದಿತ್ಯವಾರದ್ದೇ ದೊಡ್ಡ ಪೇಚು. ಆ ದಿನ ಕೆಲಸ ಮಾಡಬಾರದು ಅಂತ ಇಗರ್ಜಿಯಲ್ಲಿ ಹೇಳುತ್ತಾರೆ. ಆದರೆ ಮದುವೆಗಳೆಲ್ಲ ಜಾಸ್ತಿ ಆದಿತ್ಯವಾರವೇ. ಬಾಯಮ್ಮ ಕತ್ತಲಿರುವಾಗಲೇ ಟಾರ್ಚ್ ಹಿಡಿದು ಕೊಯ್ದು, ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿಟ್ಟು, ಮೊದಲ ಪೂಜೆಗೆ ಓಡುತ್ತಿದ್ದರು. "ಮೊಗ್ಗಿಗೆ ಆದಿತ್ಯವಾರ ಗೊತ್ತುಂಟಾ?" ಅದರಲ್ಲಿ ಒಂದು ಚೆಂಡು ಮೊರಿಯಮ್ಮನ ಪ್ರತಿಮೆಗೆ, ಉಳಿದದ್ದು ಏಜೆಂಟ್ ಹೂವು ಕೊಳ್ಳುವ ಕಟ್ಟೆಗೆ.

ಗುಡ್ ಫ್ರೈಡೇ ಮಾತ್ರ ಒಂದು ಮೊಗ್ಗನ್ನೂ ಮುಟ್ಟುತ್ತಿರಲಿಲ್ಲ. ಅದು ಬರುವುದು ಮಾರ್ಚ್ ಕೊನೆಗೋ ಏಪ್ರಿಲಿಗೋ, ಗಿಡ ಬಗ್ಗುವಷ್ಟು ಮೊಗ್ಗಿರುವಾಗ. ಸಂಜೆಗೆ ಎಲ್ಲ ಗಿಡದಲ್ಲೇ ಅರಳಿ ನಮ್ಮ ಅಡುಗೆಮನೆಗೂ ಪರಿಮಳ. ಒಂದು ವರ್ಷ ಅಮ್ಮನಿಗೆ ಸಹಿಸಲಿಲ್ಲ. ಕೇಳಿ ಕೊಯ್ದು, ಕಟ್ಟಿ, ಮಾರಿದರು. ಮರುದಿನ ದುಡ್ಡು ಕೊಡಲು ಹೋದರೆ ಬಾಯಮ್ಮ ಮುಟ್ಟಲಿಲ್ಲ. "ಅದು ನಿಮ್ಮ ಕೆಲಸದ್ದು." "ಹೂವು ನಿಮ್ಮದಲ್ವಾ?" ಆ ನೋಟುಗಳು ನಮ್ಮ ಮನೆಯ ಹಾರ್ಲಿಕ್ಸ್ ಬಾಟಲಿಯಲ್ಲೇ ಕೂತವು. ಕೊನೆಗೆ ಜನವರಿಯಲ್ಲಿ ಇಬ್ಬರೂ ಕಾರ್ಕಳದ ಅತ್ತೂರು ಇಗರ್ಜಿಯ ಜಾತ್ರೆಗೆ ಹೋಗಿ ಅದೇ ದುಡ್ಡಿನಲ್ಲಿ ಮೇಣದಬತ್ತಿ ಹಚ್ಚಿ ಬಂದರು. ಬಸ್ ಚಾರ್ಜ್ ಅದರಲ್ಲಿ ಸೇರಿತ್ತಾ ಇಲ್ಲವಾ ಅಂತ ಅವರಿಬ್ಬರ ಚರ್ಚೆ ಎಷ್ಟೋ ವರ್ಷ ನಡೆಯಿತು.

ಹೂವಿನ ದುಡ್ಡಲ್ಲಿ ಒಂದಿಷ್ಟು ಪಿಗ್ಮಿ ಉಳಿತಾಯಕ್ಕೆ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ ಪಿಗ್ಮಿ ನಮ್ಮ ಕಡೆಯ ಹೆಂಗಸರಿಗೆ ದೊಡ್ಡ ಆಧಾರ. 2020ರಲ್ಲಿ ಆ ಬ್ಯಾಂಕ್ ಕೆನರಾ ಬ್ಯಾಂಕಿಗೆ ಸೇರಿದಾಗ ನಮ್ಮೂರಲ್ಲಿ ಎಲ್ಲರಿಗೂ ಬೇಸರ. ಬಾಯಮ್ಮ ಕೇಳಿದ್ದು ಒಂದೇ: "ಬಡ್ಡಿ ಕಡಿಮೆ ಆಗುತ್ತದಾ?"

ತನ್ನನ್ನು ಮಣ್ಣು ಮಾಡುವ ದಿನಕ್ಕೆ ಸಂಬಂಧಿಸಿಯೂ ಹೇಳಿಟ್ಟಿದ್ದರು: ಚಳಿಗಾಲದಲ್ಲಿ ಸತ್ತರೆ ಮಲ್ಲಿಗೆ ಹಾಕಬೇಡಿ, ಆ ರೇಟಿಗೆ ದಂಡ, ಸೇವಂತಿಗೆ ಸಾಕು. ಯಾರೂ ಕೇಳಲಿಲ್ಲ. ಕಟ್ಟೆಯ ಏಜೆಂಟೇ ಒಂದು ಅಟ್ಟೆ ತಂದರು. ಅಮ್ಮ ಕಣ್ಣೊರೆಸಿಕೊಂಡು ಅದನ್ನು ನೋಡಿ, "ಇದು ಸಡಿಲ ಕಟ್ಟಿದ್ದು, 3200 ಇಲ್ಲ" ಎಂದರು.

ಅಂಗಳದ ಅರ್ಧ ಗಿಡ ಕಿತ್ತು ಈಗ ಕಾರು ನಿಲ್ಲಿಸಲು ಜಾಗ ಮಾಡಿದ್ದಾರೆ. ಉಳಿದದ್ದನ್ನು ಸೊಸೆ ನೋಡಿಕೊಳ್ಳುತ್ತಾರೆ. ಒಳ್ಳೆಯವರು, ಅತ್ತೆಗಿಂತ ಮಾತು ಮೆತ್ತಗೆ. ಆದಿತ್ಯವಾರ ಕೊಯ್ಯುವುದಿಲ್ಲ, ಅದು ದೇವರ ದಿನ ಎನ್ನುತ್ತಾರೆ. ಮೊನ್ನೆ ದೊಡ್ಡ ಮುಹೂರ್ತದ ಆದಿತ್ಯವಾರ ಬೇಲಿಯಾಚೆ ಮೊಗ್ಗೆಲ್ಲ ಗಿಡದಲ್ಲೇ ಇದ್ದದ್ದನ್ನು ನೋಡಿ ಅಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. "ಬಾಯಮ್ಮ ಇದ್ದಿದ್ದರೆ ಇವಳಿಗೆ ಸರಿಯಾಗಿ ಬೈಯುತ್ತಿದ್ದರು" ಅಂತ ಬೆಳಗ್ಗಿನಿಂದ ನನ್ನ ಹತ್ತಿರ ಗೊಣಗುತ್ತಿದ್ದರು.